ಮಗಳಿಗೂ ಜಾಗ

ಇಂಟರ್ನೆಟ್ ಆಗಷ್ಟೇ ಬಂದಿದ್ದ ದಿನಗಳಲ್ಲಿ, ಕಲಬುರಗಿಯ ಸ್ಟೇಶನ್ ಬಜಾರದ ನಮ್ಮ ಸೈಬರ್ ಕೆಫೆ ಮಾಲೀಕರು ವಧು-ವರರಿಗಾಗಿ ಒಂದು ಜಾಲತಾಣ ಮಾಡಿದ್ದರು. ನಾನಲ್ಲಿ ಟೈಪು ಮಾಡುತ್ತಿದ್ದೆ. ಯಾರು ಏನೇ ಕೇಳಲಿ, ಅವರು ಕನ್ನಡಕವನ್ನು ಹಣೆಗೇರಿಸಿ “ನೋಡೂಣು, ಆಗ್ತದ” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಕಮಲಾಪುರದ ಅಂಗನವಾಡಿ ಟೀಚರೊಬ್ಬರು ಪುಟ್ಟ ಮಗಳೊಂದಿಗೆ ಬಂದರು. ಅವರ ಗಂಡ ತೀರಿಕೊಂಡಿದ್ದರು. ಮರುಮದುವೆಗೆ ಹೆಸರು ಹಚ್ಚಬೇಕೆಂದರು. ನಾನು ವಯಸ್ಸು, ಬಣ್ಣ, ಜಾತಿ ಎಲ್ಲ ಕೇಳಿ ಜಾಲತಾಣದ ಫಾರ್ಮಿನಲ್ಲಿ ತುಂಬಿದೆ.

“ಮಗಳ ಬಗ್ಗೆ ಕೇಳಲೇ ಇಲ್ಲಲ್ರೀ?”

“ಅದಕ್ಕ ಇದ್ರಾಗ ಜಾಗ ಇಲ್ರೀ ಅಕ್ಕಾ.”

“ಹಂಗಾದ್ರ ನಂದೂ ಬ್ಯಾಡ್ರಿ. ಅಕಿನ್ನ ಮುಚ್ಚಿಟ್ಟು ನಾ ಮದುವಿ ಆಗಂಗಿಲ್ಲ” ಎಂದು ಎದ್ದರು.

ಮಾಲೀಕರು ಬಾಗಿಲಿಗೇ ಹೋಗಿ ತಡೆದರು. “ಕುಂಡ್ರವ್ವಾ. ನೋಡೂಣು, ಆಗ್ತದ.”

ಸಂಜೆಯವರೆಗೆ ಕುಳಿತು, ಎಲ್ಲರೂ ಉತ್ತರಿಸಲೇಬೇಕಾದ ಒಂದು ಪ್ರಶ್ನೆ ಸೇರಿಸಿದರು: ‘ಸಂಗಾತಿಯ ಮಕ್ಕಳನ್ನು ನಿಮ್ಮವರೆಂದು ಒಪ್ಪುವಿರಾ?’ ಟೀಚರು ಮೊದಲಿಗರಾಗಿ ‘ಹೌದು’ ಎಂದು ಬರೆಸಿ, ಫೋನ್ ನಂಬರು ಕೊಟ್ಟು ಹೋದರು.

ಹಲವರು ಬೈದು ಹೆಸರು ತೆಗೆಸಿದರು. ಮಾಲೀಕರು ಮಾತ್ರ ಪ್ರಶ್ನೆ ತೆಗೆಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಹೆಂಡತಿಯನ್ನು ಕಳೆದುಕೊಂಡಿದ್ದ ಸೇಡಂ ರಸ್ತೆಯ ಕಂಪೌಂಡರೊಬ್ಬರು ಬಂದರು. ಆ ಪ್ರಶ್ನೆಯನ್ನು ಎರಡು ಸಲ ಓದಿ, “ನಾ ಒಪ್ತೀನ್ರೀ. ನನಗೂ ಒಬ್ಬ ಮಗ ಇದ್ದಾನ, ಅವನ್ನ ಒಪ್ಪೋರು ಯಾರರ ಇದ್ದಾರೇನ್ರೀ?” ಎಂದರು.

ನಾನು ಅವರ ಹೆಸರು ಟೈಪು ಮಾಡುವ ಮೊದಲೇ ಮಾಲೀಕರು ಕಮಲಾಪುರಕ್ಕೆ ಫೋನು ಹಚ್ಚಿದ್ದರು.