ಸ್ತೋತ್ರ ಕೂಟದಲ್ಲಿ ಕೇಳಿದ ದನಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ಮುಖ ತಿರುಗಿಸಿ ನಕ್ಕವನು ನಾನು. ಚಿಂತೆ ಮಾಡುವುದೇ ನನ್ನ ಕಸುಬು; ಇದ್ದ ತೊಂದರೆಗಳಿಗೇ ಹೊತ್ತು ಸಾಲದಿರುವಾಗ ಇಲ್ಲದ್ದನ್ನು ನಂಬಲು ಪುರುಸೊತ್ತೆಲ್ಲಿ? ಆದರೂ ಸವಣೂರಿನ ನಮ್ಮ ಮನೆಯಲ್ಲಿ ಆ ಸಂಜೆ ಕೇಳಿದ್ದನ್ನು ಕೇಳಿಲ್ಲ ಎನ್ನಲಾರೆ.

ಅಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನಲ್ಲೊಂದು ತೂತು ಮಾಡಿದರು. ಚರ್ಚಿನಲ್ಲಿ ಅಪ್ಪ ಹಾಡುತ್ತಿದ್ದ ರೀತಿಯೇ ಬೇರೆ. ಎಲ್ಲರೂ ಸಾಲು ಮುಗಿಸಿದ ಮೇಲೆ ಅವನ ದಪ್ಪ ದನಿ ಎಳೆದುಕೊಂಡು ಹಿಂದಿನಿಂದ ಬರುತ್ತಿತ್ತು. ಚಿಕ್ಕವನಿದ್ದಾಗ ನಾಚಿಕೆಯಿಂದ ನಾನು ಬೆಂಚಿನ ಕೆಳಗೆ ಜಾರುತ್ತಿದ್ದೆ. ಈಗ ಹಾಡು ಸರಿಯಾದ ಜಾಗದಲ್ಲಿ ಮುಗಿದರೆ ಏನೋ ಉಳಿದುಹೋದಂತೆ ಅನಿಸುತ್ತದೆ.

ಮನೆಗೆ ಬಂದ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನುಂಗಬಹುದೆಂದು ಡಾಕ್ಟರು ಹೇಳಿದ್ದರೂ ಗಂಜಿಯ ಬಟ್ಟಲನ್ನು ದೂಡುತ್ತಿದ್ದ. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದೂ ಅವರೇ ಹೇಳಿದ್ದರು.

ಅಂಥ ಹೊತ್ತಿನಲ್ಲಿ ಅವ್ವ ಸ್ತೋತ್ರ ಕೂಟ ಇಡುತ್ತೇನೆಂದಳು. ಮಗು ಹುಟ್ಟಿದರೆ, ಕಾಯಿಲೆ ಪೂರ್ತಿ ವಾಸಿಯಾದರೆ ದೇವರಿಗೆ ಉಪಕಾರ ಹೇಳಲು ನಮ್ಮಲ್ಲಿ ಇಡುವ ಕೂಟ ಅದು.

"ದನಿ ಹೋದ ಮನ್ಯಾಗ ಹಾಡಿನ ಕೂಟ ಏನಬೇ?" ಎಂದೆ.

"ಜೀವ ಐತಲ್ಲೋ. ಅದಕ್ಕ ಸ್ತೋತ್ರ ಹೇಳಬಾರದೇನು? ದೇವ್ರು ನಿನಗ ಬಾಯಿ ಕೊಟ್ಟಿದ್ದು ಬರೇ ಅಯ್ಯಯ್ಯೋ ಅನ್ನಾಕಲ್ಲ."

ಶಿಗ್ಗಾವಿಯಿಂದ ಪಾದ್ರಿಗಳು, ಪರಿಚಯದ ನಾಲ್ಕೈದು ಮನೆಯವರು ಬಂದರು. ನನಗೆ ಚಹಾ ಸಾಲುತ್ತದೋ ಇಲ್ಲವೋ ಎಂಬ ಚಿಂತೆ. ಅಪ್ಪನನ್ನು ದಿಂಬಿಗೆ ಒರಗಿಸಿ ಕೂಡಿಸಿದ್ದೆವು, ಕಣ್ಣು ಮುಚ್ಚಿಕೊಂಡಿದ್ದ. ಹಾಡು ಶುರುವಾಯಿತು. ಮೊದಲ ಸಾಲು ಮುಗಿದು ಎಲ್ಲರೂ ಉಸಿರೆಳೆದುಕೊಂಡಾಗ ಆ ದಪ್ಪ ದನಿ ಬಂತು, ತಡವಾಗಿ, ಎಳೆದುಕೊಂಡು. ಎರಡನೆಯ ಸಾಲಿಗೂ ಬಂತು. ಅಪ್ಪನನ್ನು ನೋಡಿದೆ. ತುಟಿ ಮುಚ್ಚಿತ್ತು. ಕತ್ತಿನ ತೂತಿನ ಮೇಲಿನ ತೆಳು ಬಟ್ಟೆ ಉಸಿರಿಗೆ ಆಡುತ್ತಿತ್ತು, ಅಷ್ಟೇ. ಒಬ್ಬೊಬ್ಬರಾಗಿ ಎಲ್ಲರೂ ಹಾಡು ನಿಲ್ಲಿಸಿ ಅತ್ತ ನೋಡಿದರು. ಆ ದನಿಯೂ ನಿಂತಿತು.

ಅಷ್ಟರಲ್ಲಿ ಪಕ್ಕದ ಮನೆಯ ಖಾತೂನಬಿ ಹಾಲು ಹಿಡಿದು ಬಾಗಿಲಿಗೆ ಬಂದಳು. "ಏನ್ರಿ ಅವ್ವಾರ, ಅಜ್ಜಾರಿಗೆ ದನಿ ಬಂತಲ್ರಿ! ನಮ್ಮ ಅಡಿಗಿ ಮನಿತನಕ ಕೇಳಿಸ್ತು."

ಅಪ್ಪ ಕಣ್ಣು ತೆರೆದ. ಅವನೂ ಕೇಳಿದ್ದನೆಂಬುದು ಮುಖದಲ್ಲೇ ಕಾಣುತ್ತಿತ್ತು.

"ಅಪ್ಪಾ, ನೀನ ಹಾಡಿದೇನು?"

ಇಲ್ಲವೆಂದು ತಲೆ ಅಲ್ಲಾಡಿಸಿ ಕತ್ತಿನ ಬಟ್ಟೆ ಮುಟ್ಟಿ ತೋರಿಸಿದ. ಪರೀಕ್ಷೆ ಮಾಡುವ ಆಸೆಯಿಂದ ನಾನು, "ಇನ್ನೊಂದು ಸಲ ಹಾಡೂಣೇನ್ರಿ?" ಎಂದೆ. ಅಪ್ಪ ಬೇಡವೆಂದು ಕೈಯಾಡಿಸಿ, ಮೂಲೆಯಲ್ಲಿದ್ದ ಗಂಜಿಯ ಬಟ್ಟಲಿಗೆ ಬೆರಳು ಮಾಡಿದ.

ಮುಂದೆ ಹಲವು ವರ್ಷ ಅಪ್ಪ ಬದುಕಿದ್ದ. ದನಿ ಮಾತ್ರ ಮತ್ತೆ ಕೇಳಲಿಲ್ಲ. ಹಾಡಿದವರು ಯಾರೆಂದು ನಾನು ಇವತ್ತಿಗೂ ತಲೆ ಕೆರೆದುಕೊಳ್ಳುತ್ತೇನೆ. ಅವ್ವ ಆ ಪ್ರಶ್ನೆಯನ್ನೇ ಎತ್ತಲಿಲ್ಲ. ಆ ಸಂಜೆ ಬಟ್ಟಲು ಎತ್ತಿಕೊಂಡು ಒಲೆಯ ಕಡೆ ನಡೆದಳು. "ತಣ್ಣಗಾಗೇತಿ, ತಡೀರಿ, ಬಿಸಿ ಮಾಡಿ ತರ್ತೇನಿ" ಎಂದಳು.