ಬಾಳ್ಯಾನ ನಂಬರು

ದೆವ್ವ, ಗಾಳಿ ಅಂತ ಯಾರಾದರೂ ಮಾತು ತೆಗೆದರೆ ಎದ್ದು ಅಡುಗೆಮನೆಗೆ ಹೋಗಿಬಿಡುವವರ ಪೈಕಿ ನಾನು. ಧಾರವಾಡದಲ್ಲಿ ನಮ್ಮ ಸೋದರತ್ತೆ ಇಂಥ ಕಥೆ ಹೇಳುವಾಗ ಕಿಸಕ್ಕನೆ ನಕ್ಕು ಎಷ್ಟು ಸಲ ಬೈಸಿಕೊಂಡಿದ್ದೇನೋ! ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕು ಅಂತ ನನ್ನ ಹಟವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಪುಣೆಯ ಬಿಬವೇವಾಡಿಯಲ್ಲಿ ದಾರಿ ತಪ್ಪಿದ ಹುಡುಗರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ಹಿಂದೆಲ್ಲ ಇಂಥ ಹುಡುಗರನ್ನು ಹಿಡಿದು ತಂದು, ನಾಲ್ಕು ಗೋಡೆಯೊಳಗೆ ಕೂಡಿ, ಬಡಗಿ ಕೆಲಸ ಕಲಿಸಿ ಪ್ರಾರ್ಥನೆ ಹೇಳಿಸಿದರೆ ಮುಗಿಯಿತು ಅಂದುಕೊಂಡಿದ್ದರು. ಬಿಟ್ಟ ಮರುದಿನವೇ ಹುಡುಗರು ಹಳೇ ಗ್ಯಾಂಗಿಗೆ ವಾಪಸು. ನನಗೆ ಕೆಲಸ ಕಲಿಸಿದ ಹಿರಿಯರು ಆ ದಾರಿ ಬಿಟ್ಟು, ತಾವೇ ಹೋಗಿ ಗಲ್ಲಿಯ ಕಟ್ಟೆಯ ಮೇಲೆ ಹುಡುಗರ ಪಕ್ಕದಲ್ಲಿ ಕೂತರು. ಉಪದೇಶವಿಲ್ಲ, ಬೈಗುಳವಿಲ್ಲ. ಚಹಾ ಕುಡಿಯುತ್ತ ಕೇಳಿಸಿಕೊಳ್ಳುವುದು, ಅಷ್ಟೇ. ತಿಂಗಳುಗಟ್ಟಲೆ ಕೂತ ಮೇಲೆ ಯಾವನೋ ಒಬ್ಬ ಬಾಯಿ ಬಿಡುತ್ತಾನೆ. ನಾನೂ ಹಾಗೆ ಕೂತವಳು. ಮೊದಲು ಹುಡುಗರ ಕೈಯಲ್ಲಿ ಸೈಕಲ್ ಚೈನು ಇರುತ್ತಿತ್ತು. ಈಗ ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ. ಅದನ್ನು ಝಳಪಿಸಿ ಮೊಬೈಲಿನಲ್ಲಿ ರೀಲ್ ಬೇರೆ ಮಾಡುತ್ತಾರೆ, ಕರ್ಮ.

ಹುಡುಗರನ್ನು ಹೊರಗೆ ಕರೆದುಕೊಂಡು ಹೋಗುವಾಗ ಒಬ್ಬೊಬ್ಬರಿಗೂ ಒಂದು ನಂಬರು ಕೊಡುತ್ತೇವೆ. ನಾನು ಸೀಟಿ ಊದಿದರೆ ಸಾಲಾಗಿ ನಿಂತು ಮರಾಠಿಯಲ್ಲಿ ಏಕ್, ದೋನ್, ತೀನ್ ಅಂತ ಕೂಗಬೇಕು. ಕೆಲವು ವರ್ಷಗಳ ಹಿಂದಿನ ಒಂದು ಗುಂಪಿನಲ್ಲಿ ನಾಲ್ಕನೆಯವನು ಬಾಳ್ಯಾ, ಐದನೆಯವನು ಸಿದ್ದು. ಇಬ್ಬರೂ ಜೀವದ ಗೆಳೆಯರು. ಸಿದ್ದುವಿನ ತಾಯಿ ಕಲಬುರ್ಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು, ಹಾಗಾಗಿ ಅವನು ನನ್ನ ಜೊತೆ ಕನ್ನಡ ಆಡುತ್ತಿದ್ದ. ಪಕ್ಕದ ಗಲ್ಲಿಯವರ ಜೊತೆ ಜಗಳ ತೆಗೆದವನು ಸಿದ್ದು. ಅವರ ಕೈಗೆ ಒಂಟಿಯಾಗಿ ಸಿಕ್ಕಿ ಸತ್ತವನು ಬಾಳ್ಯಾ. ಹದಿನಾರು ವರ್ಷ ಆ ಕೂಸಿಗೆ.

ಆಮೇಲೆ ನಂಬರು ಬದಲಿಸೋಣವೆಂದರೆ ಹುಡುಗರು ಒಪ್ಪಲಿಲ್ಲ. ತೀನ್ ಆದ ಮೇಲೆ ಎಲ್ಲರೂ ಒಂದು ಕ್ಷಣ ಸುಮ್ಮನಿರುತ್ತಿದ್ದರು, ನಂತರ ಸಿದ್ದು ಪಾಚ್ ಅನ್ನುತ್ತಿದ್ದ. ಬರಬರುತ್ತ ಸಿದ್ದು ನಮ್ಮ ಜೊತೆ ಬರುವುದನ್ನೇ ಬಿಟ್ಟ. ಅಂಥವನು ಒಂದು ದಿನ ತಾನಾಗಿಯೇ ಬಂದು, “ಅಕ್ಕಾರ, ಈ ಸಲ ಜೇಜುರಿಗೆ ಹೋಗೂಣ್ರಿ. ನಾನೂ ಬರ್ತೀನಿ,” ಅಂದ. ನಾನು ಹಿರಿಹಿರಿ ಹಿಗ್ಗಿದೆ. ಅವನ ಫೈಲಿನಲ್ಲಿ ‘ಗಮನಾರ್ಹ ಸುಧಾರಣೆ’ ಅಂತ ಬರೆದೂ ಬಿಟ್ಟೆ. ಎಂಥ ಪೆದ್ದಿ ನೋಡಿ! ಬಾಳ್ಯಾನನ್ನು ಕಡಿದ ಹುಡುಗ ಜಾಮೀನಿನ ಮೇಲೆ ಹೊರಗಿದ್ದ. ಅಕ್ಕನ ಮದುವೆ ಮುಗಿಸಿ ಅದೇ ದಿನ ಮನೆಯವರೊಂದಿಗೆ ಜೇಜುರಿಯ ದೇವರ ದರ್ಶನಕ್ಕೆ ಬರುವವನಿದ್ದ. ಅದು ಸಿದ್ದುವಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸಿದ್ದುವಿಗೋ ಆಗಲೇ ಹದಿನೆಂಟು ತುಂಬಿತ್ತು. ಇನ್ನು ಕೈ ಎತ್ತಿದರೆ ಬಾಲಮಂದಿರವಲ್ಲ, ದೊಡ್ಡವರ ಜೈಲು, ಅದೂ ಜನ್ಮವಿಡೀ.

ಕತ್ತಲಿಲ್ಲ, ಸ್ಮಶಾನವಿಲ್ಲ. ಮಟಮಟ ಮಧ್ಯಾಹ್ನ, ಸುತ್ತ ಜನವೋ ಜನ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬ. ದರ್ಶನ ಮುಗಿಸಿ, ಮೈಯೆಲ್ಲ ಭಂಡಾರದ ಅರಿಶಿನ ಮಾಡಿಕೊಂಡು ಮೆಟ್ಟಿಲಿಳಿದು ಬಂದೆವು. ಕೆಳಗೆ ಸೀಟಿ ಊದಿದೆ. ಏಕ್. ದೋನ್. ತೀನ್.

“ಚಾ…ರ್.”

ನಿದ್ದೆಯಿಂದ ಎದ್ದವನ ಹಾಗೆ, ಸ್ವಲ್ಪ ಒಡೆದ ದನಿ. ಬಾಳ್ಯಾ ಹಾಗೇ ಎಳೆಯುತ್ತಿದ್ದ, ಅದಕ್ಕೆ ನನ್ನಿಂದ ಬೈಸಿಕೊಳ್ಳುತ್ತಲೂ ಇದ್ದ. ಕೇಳಿದ್ದು ನಾನೊಬ್ಬಳೇ ಅಲ್ಲ. ಎಲ್ಲರಿಗಿಂತ ಚಿಕ್ಕವನು ಬಂದು ನನ್ನ ಸೆರಗು ಹಿಡಿದುಕೊಂಡ.

ಸಿದ್ದು ಪಾಚ್ ಅನ್ನಲಿಲ್ಲ. ಅವನ ಕೈ ಹೆಗಲ ಚೀಲದೊಳಗಿತ್ತು. ಎದುರಿಗೆ ಮೆಟ್ಟಿಲ ಮೇಲೆ ಅರಿಶಿನ ಮೆತ್ತಿಕೊಂಡ ಒಬ್ಬ ಹುಡುಗ ತಾಯಿಯ ಕೈ ಹಿಡಿದು ಇಳಿಸುತ್ತಿದ್ದ. ಸಿದ್ದು ಅವನನ್ನು ಬಿಟ್ಟು ತನ್ನ ಪಕ್ಕದ ಖಾಲಿ ಜಾಗ ನೋಡಿದ. ಅಲ್ಲೇ ನೆಲದ ಮೇಲೆ ಕೂತ. ಬಿಕ್ಕಿ ಬಿಕ್ಕಿ ಅತ್ತ. ಆ ತಾಯಿ ಮಗ ನಮ್ಮ ಮುಂದೆಯೇ ದಾಟಿ ಹೋದರು. ಆಮೇಲೆ ಸಿದ್ದು ಚೀಲವನ್ನು ನನ್ನ ಕಡೆ ತಳ್ಳಿದ.

“ತಗೋರಿ ಅಕ್ಕಾರ. ಒಳಗ ಕೈ ಹಾಕಬ್ಯಾಡ್ರಿ, ಕೊಯ್ತದ.”

ಮತ್ತೆ ಸೀಟಿ ಊದುವ ಧೈರ್ಯ ನನಗಾಗಲಿಲ್ಲ. ಒಬ್ಬೊಬ್ಬನ ತಲೆ ಮುಟ್ಟಿ ಎಣಿಸಿ ಬಸ್ಸು ಹತ್ತಿಸಿದೆ. ಬಿಬವೇವಾಡಿ ಬರುವವರೆಗೂ ಆ ಚೀಲ ನನ್ನ ತೊಡೆಯ ಮೇಲಿತ್ತು. ಪೊಲೀಸರಿಗೆ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾದರೆ ಆ ತಪ್ಪು ನನ್ನದು.

ಸುಮ್ಮನೆ ಕೂರುವವಳಲ್ಲ ನಾನು. ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದೆ. ಕೂಗಿದ್ದು ತಾನೆಂದು ಯಾರೂ ಒಪ್ಪಲಿಲ್ಲ. ಮಾಡದ ಕಿತಾಪತಿಯನ್ನೂ ಮಾಡಿದೆವೆಂದು ಕೊಚ್ಚಿಕೊಳ್ಳುವ ಪಡ್ಡೆಗಳು ಇದನ್ನು ಮುಚ್ಚಿಡುತ್ತಾರೆಯೇ? ಆ ಗದ್ದಲದಲ್ಲಿ ಬೇರೆ ಯಾರೋ ಭಕ್ತರು ಯಾರಿಗೋ ಏನೋ ಎಣಿಸಿ ಕೊಟ್ಟಿರಬಹುದು ಅಂತಲೂ ಯೋಚಿಸಿದೆ. ಆದರೆ ಇಬ್ಬರು ಹುಡುಗರು ನನ್ನ ಮುಖವನ್ನೇ ನೋಡಿ, “ತಾಈ, ತುಮ್ಹೀಚ್ ಬೋಲಲಾತ್ ನಾ?” ಅಂದರು. ನೀವೇ ಅಲ್ಲವೇ ಅಂದದ್ದು, ಅಂತ. ನನ್ನ ಬಾಯಲ್ಲಿ ಸೀಟಿಯಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಇವತ್ತಿಗೂ ಇದು ನನಗೆ ಬಗೆಹರಿದಿಲ್ಲ.

ಸಿದ್ದು ಈಗ ವಿಮಾನ ನಗರದ ಆಫೀಸಿನವರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಾನೆ. ಹೋದ ತಿಂಗಳು ಪೇಢೆ ಹಿಡಿದುಕೊಂಡು ಮನೆಗೆ ಬಂದಿದ್ದ, ಮಗಳು ಹುಟ್ಟಿದ್ದಳು. ನಗುನಗುತ್ತ ಮಾತಾಡುತ್ತಿದ್ದವನು ಹೊರಡುವಾಗ ಬಾಗಿಲಲ್ಲಿ ನಿಂತುಬಿಟ್ಟ.

“ಅಕ್ಕಾರ, ಅವತ್ತ ಅಂವಾ ಬಂದಿದ್ದು ಖರೇ ಆದ್ರ, ಬರೇ ನಂಬರ್ ಅಷ್ಟ ಯಾಕ ಹೇಳಿ ಹ್ವಾದಾ? ‘ನಿಂದೇನ್ ತಪ್ಪಿಲ್ಲ ಬಿಡಲೇ ಸಿದ್ಯಾ’ ಅಂತ ಒಂದ್ ಮಾತು ಅನಬಾರದಾಗಿತ್ತೇನ್ರಿ?”

ಆ ಮಾತನ್ನು ನಾನು ಅವನಿಗೆ ನೂರು ಸಲವಾದರೂ ಹೇಳಿದ್ದೇನೆ. ಅವನಿಗೆ ಅದು ನನ್ನ ಬಾಯಿಂದ ಬೇಕಾಗಿರಲಿಲ್ಲ.