ಜೋಡಿಯಿಲ್ಲದ ಲೋಲಾಕು

ಕುಲಶೇಖರದಲ್ಲಿ ಈಗಲೂ ಹ್ಯೂಬರ್ಟ್ ಎಂದರೆ ದೊಡ್ಡ ಮೀನುಗಾರ ಎಂದೇ ಹೇಳುವವರಿದ್ದಾರೆ. ಅವರಿಗೆ ತಲೆಬುಡ ಗೊತ್ತಿಲ್ಲ. ಅವನು ಹಿಡಿದ ಮೀನಿಗಿಂತ ತಪ್ಪಿಸಿಕೊಂಡ ಮೀನೇ ಹೆಚ್ಚು. ಹೆಂಚಿನ ಕಾರ್ಖಾನೆಯ ಫಿಟ್ಟರ್, ನನ್ನ ತಂಗಿ ಮಗ್ದಲೀನಳ ಗಂಡ, ಪಕ್ಕದ ಮನೆಯವನು. ಮೂರೂ ಆಗಿದ್ದರಿಂದ ಅವನ ವಿಷಯ ನನಗೆ ಚೆನ್ನಾಗಿ ಗೊತ್ತು.

ಮಾತಿನಲ್ಲಿ ಮೊದಲಿನಿಂದಲೂ ಜಿಪುಣ. ಮಗ ವಿಲ್ಲಿ ಇದ್ದಷ್ಟು ದಿನ ಮಾತ್ರ ಆ ಜಿಪುಣತನ ನಡೆಯಲಿಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಭಾನುವಾರದ ಪೂಜೆಗೆ ಇಗರ್ಜಿಯವರೆಗೂ ಏನೇನೋ ಹರಟುತ್ತ ಹೋಗುತ್ತಿದ್ದ. ಐವತ್ತಾರರ ಮಳೆಗಾಲದಲ್ಲಿ ವಿಲ್ಲಿ ಗಂಟಲಮಾರಿಯಿಂದ ತೀರಿಕೊಂಡ. ನಾನು ಕಂಕನಾಡಿಯಲ್ಲಿ ನರ್ಸ್ ಆಗಿದ್ದೆ. ನನ್ನಿಂದಲೂ ಏನೂ ಆಗಲಿಲ್ಲ.

ಹ್ಯೂಬರ್ಟ್ ಅಳಲಿಲ್ಲ. ಮಣ್ಣು ಹಾಕಿ ಬಂದ, ಕೈ ತೊಳೆದ, ಕೊಟ್ಟ ಗಂಜಿ ಉಂಡ, ಮರುದಿನ ಕಾರ್ಖಾನೆಗೆ ಹೋದ. ಅಂದಿನಿಂದ ಮಗನ ಹೆಸರು ಅವನ ಬಾಯಿಗೆ ಬರಲಿಲ್ಲ. ಸಂಜೆಯ ತೇರ್ಸದಲ್ಲಿ, ಅಂದರೆ ನಮ್ಮ ಜಪಮಾಲೆಯ ಪ್ರಾರ್ಥನೆಯಲ್ಲಿ, ತೀರಿಹೋದವರ ಹೆಸರು ಹೇಳುವಾಗ ತನ್ನ ಅಪ್ಪನ ಹೆಸರು ಹೇಳಿ ನಿಲ್ಲಿಸುತ್ತಿದ್ದ. ಮಗ್ದಲೀನ್ ಕಾಯುತ್ತಿದ್ದಳು. ಅವನು ಶಿಲುಬೆಯ ಗುರುತು ಹಾಕಿ ಏಳುತ್ತಿದ್ದ.

"ಬೆನಿಟಕ್ಕಾ, ಒಂದು ಸಲ ಅವನ ಹೆಸರು ಹೇಳಿದ್ರೆ ಸಾಕು ನಂಗೆ," ಎನ್ನುತ್ತಿದ್ದಳು. "ನಾನೊಬ್ಬಳೇ ಹೆತ್ತದ್ದಾ ಅವನನ್ನು?"

ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ವಸಡಿನ ಹಾಗೆ ಆಗಿದ್ದ ಆ ಮನುಷ್ಯ. ಎಲ್ಲಿ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ನನಗೆ ಕನಿಕರ ಬರಬೇಕಿತ್ತು, ಬಂದದ್ದು ಸಿಟ್ಟು.

ಅವನಿಗೆ ಉಳಿದದ್ದು ಒಂದೇ ಚಟ. ಭಾನುವಾರ ಪೂಜೆ ಮುಗಿದ ಮೇಲೆ ನೇತ್ರಾವತಿಯ ರೈಲು ಸೇತುವೆಯ ಹತ್ತಿರ ಕೊಳಜಿ ಹಿಡಿಯಲು ಹೋಗುವುದು. ಕೊಳಜಿ ಅಳಿವೆಯ ದೊಡ್ಡ ಬಾಯಿಯ ಮೀನು. ಕಂಬದ ಮರೆಯಲ್ಲಿ ನಿಂತು, ಎದುರು ಹಾದುಹೋಗುವ ಮರಿಮೀನುಗಳನ್ನು ಗಬಕ್ಕನೆ ನುಂಗುತ್ತದೆ. ಹ್ಯೂಬರ್ಟ್ ಸಿಗಡಿ ಸಿಕ್ಕಿಸಿ ದಾರ ಬಿಟ್ಟು ಕೂರುತ್ತಿದ್ದ. ಸಿಗಡಿಯನ್ನು ಏಡಿ ತಿಂದುಹೋದರೂ ಸುಮ್ಮನೆ ಕೂರುತ್ತಿದ್ದ.

ಒಮ್ಮೆ ಗಾಳ ಕೊಳ್ಳಲು ಕುದ್ರೋಳಿಗೆ ಹೊರಟಾಗ ಮಗ್ದಲೀನ್ ನನ್ನನ್ನೂ ಜೊತೆಗೆ ಅಟ್ಟಿದಳು. ಅವನನ್ನು ಒಬ್ಬನೇ ಬಿಡಲು ಅವಳಿಗೆ ಹೆದರಿಕೆ. ಅಲ್ಲಿ ಇದಿನಬ್ಬನ ಅಂಗಡಿ. ಹಗ್ಗ, ಗಾಳ, ಹಡಗಿನವರು ಬಿಟ್ಟುಹೋದ ಹಳೆ ಸಾಮಾನು ಎಲ್ಲ ಅವನಲ್ಲಿ ಉಂಟು. ಗಾಜಿನ ಪೆಟ್ಟಿಗೆಯಲ್ಲಿ, ಬಳೆಗಳ ಪಕ್ಕ, ಬಗ್ಗಿಸಿದ ತಂತಿಯೊಂದು ತೂಗುತ್ತಿತ್ತು. ತಂತಿಯ ಒಂದು ತುದಿಯಲ್ಲಿ ತುಕ್ಕು ತಿಂದ ತಗಡಿನ ಚೂರು, ಇನ್ನೊಂದರಲ್ಲಿ ಕೆಂಪು ರಬ್ಬರಿನ ಕುಚ್ಚು.

"ಅದು ಎಂತ?" ಎಂದೆ.

"ಫಾರಿನ್ ಲೋಲಾಕು," ಎಂದ ಇದಿನಬ್ಬ. "ಜೋಡಿ ಹುಡುಕಿ ಹುಡುಕಿ ಸಾಕಾಯ್ತು ಮಾರಾಯ್ತಿ. ನನ್ನ ಹೆಂಡತಿ ಆಸ್ಯಮ್ಮನಿಗೆ ಕೊಡುವಾ ಅಂತ ಇದ್ದೆ. ಒಂದೇ ಕಿವಿಗೆ ಹಾಕ್ಲಿಕ್ಕೆ ಆಗ್ತದಾ?"

ಹ್ಯೂಬರ್ಟ್ ಅದನ್ನು ಕೈಗೆ ತೆಗೆದುಕೊಂಡು ಕುಚ್ಚನ್ನು ಸರಿಸಿದ. ಒಳಗೆ ಸೀಸದ ಗುಂಡು, ಅದರಿಂದ ಹೊರಟ ಗಾಳದ ಕೊಕ್ಕೆ.

"ಇದನ್ನು ಹಾಕಿದ್ರೆ ಆಸ್ಯಮ್ಮನ ಕಿವಿ ಹರಿದುಹೋಗ್ತದೆ," ಎಂದ. "ಇದು ಗಾಳ. ತಗಡು ನೀರಲ್ಲಿ ತಿರುಗ್ಬೇಕು. ಮರಿಮೀನು ಓಡಿದ ಹಾಗೆ ಕಾಣ್ಬೇಕು."

ಇದಿನಬ್ಬ ಹೊಟ್ಟೆ ಹಿಡಿದು ನಕ್ಕ. ನಾನು ನಗಲಿಲ್ಲ. ಹ್ಯೂಬರ್ಟ್ ಒಟ್ಟಿಗೆ ಅಷ್ಟು ಮಾತಾಡಿ ಎಷ್ಟೋ ತಿಂಗಳಾಗಿತ್ತು.

ಮನೆಯಲ್ಲಿ ಅದಕ್ಕೆ ಲೋಲಾಕು ಎಂದೇ ಹೆಸರಾಯಿತು. ಕೊಳೆತ ರಬ್ಬರು ಕಿತ್ತು ನಮ್ಮ ಹುಂಜದ ಬಾಲದ ಗರಿ ಕಟ್ಟಿದ. ಹುಂಜ ನನ್ನದು, ನನ್ನನ್ನು ಕೇಳಲಿಲ್ಲ. ಗುಂಡು ಹಗುರವೆಂದು ಕಾರ್ಖಾನೆಯ ಜೇಡಿಮಣ್ಣಿನಲ್ಲಿ ಅಚ್ಚು ಮಾಡಿ ಹಳೆ ಬಲೆಯ ಸೀಸ ಕರಗಿಸಿ ಹೊಯ್ದ. ತಗಡು ಮಾತ್ರ ಸರಿಬರಲಿಲ್ಲ. ಸೈಕಲ್ ಬೆಲ್ಲಿನ ಮುಚ್ಚಳ ದಪ್ಪವಾಯಿತು. ಸಿಗರೇಟು ಡಬ್ಬಿಯ ತಗಡು ತಿರುಗದೆ ತೂರಾಡಿತು. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಒಂದೊಂದನ್ನೂ ಎಳೆದು ನೋಡಿ ಬಿಸಾಡುತ್ತಿದ್ದ. ಮಗ್ದಲೀನ್ ಬಟ್ಟೆ ಹಿಡಿದುಕೊಂಡು ಕಾಯುತ್ತಿದ್ದಳು.

ಒಂದು ಸಂಜೆ ತೊಟ್ಟಿಯ ನೀರಿನಲ್ಲಿ ಲೋಲಾಕು ಗಿರಗಿರ ತಿರುಗಿತು. ಬೆಳ್ಳಗೆ, ನಿಲ್ಲದೆ. ಪಕ್ಕದ ಕಲ್ಲಿನ ಮೇಲೆ ತಲೆ ಕತ್ತರಿಸಿದ ಚಮಚವೊಂದರ ಹಿಡಿ ಬಿದ್ದಿತ್ತು. ವಿಲ್ಲಿಯ ಜ್ಞಾನಸ್ನಾನದ ದಿನ ಅವನ ಜ್ಞಾನತಾಯಿಯಾಗಿ ನಾನೇ ಕೊಟ್ಟ ಬೆಳ್ಳಿ ಚಮಚ ಅದು. ಮಗು ಅದರಲ್ಲೇ ರಾಗಿ ಮಣ್ಣಿ ತಿನ್ನುತ್ತಿತ್ತು.

ನನ್ನ ಮೈ ಉರಿದುಹೋಯಿತು. "ಯಾರ ಚಮಚ ಅಂತ ಗೊತ್ತುಂಟಾ ನಿಂಗೆ?"

"ಗೊತ್ತುಂಟು."

"ಹೇಳು ನೋಡುವಾ, ಯಾರದ್ದು?"

ಅವನು ನೀರನ್ನೇ ನೋಡುತ್ತಿದ್ದ. "ಬೇರೆ ಯಾವುದೂ ತಿರುಗುವುದಿಲ್ಲ," ಎಂದ.

ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಮಗ್ದಲೀನ್ ಬೈಯಲಿಲ್ಲ. ಹಿಡಿಯನ್ನು ಸೆರಗಿನಲ್ಲಿ ಒರೆಸಿ ಒಳಗಿಟ್ಟು ಬಂದಳು. "ಭಾನುವಾರ ನಾನೂ ಬರ್ತೇನೆ," ಎಂದಳು. ಅವಳಿಗೆ ಎಂತ ಹೊಳೆಯಿತೋ ನಾನು ಕೇಳಲಿಲ್ಲ. ಬಿಡಲು ಮನಸ್ಸಾಗದೆ ನಾನೂ ಹೋದೆ.

ಹೊಳೆಗೆ ಸಮುದ್ರದ ಭರತದ ನೀರು ಏರುತ್ತಿತ್ತು. ಹ್ಯೂಬರ್ಟ್ ಲೋಲಾಕನ್ನು ತಲೆಯ ಮೇಲೆ ಬೀಸಿ ಕಂಬದ ಆಚೆಗೆ ಎಸೆದು ದಾರ ಎಳೆಯತೊಡಗಿದ. ಹಸಿರು ನೀರಿನ ಕೆಳಗೆ ಬಿಳಿ ಮಿನುಗು ಬರುವುದು ನಮಗೂ ಕಾಣುತ್ತಿತ್ತು. ಎರಡು ಮೂರು ಸಲ ಹಾಗೇ ಬಂತು. ಆಮೇಲೆ ಕಂಬದ ಬುಡದಿಂದ ಕಪ್ಪಗೆ ಏನೋ ಎದ್ದಿತು, ಮಿನುಗು ಮಾಯವಾಯಿತು. ದಾರ ಅವನ ಅಂಗೈ ಕೊಯ್ದುಕೊಂಡು ಓಡಿತು. ಮೀನು ಕಂಬವನ್ನು ಸುತ್ತಿತು. ಟಪ್ಪೆಂದು ದಾರ ಕಡಿದು ಸಡಿಲವಾಯಿತು.

ಅಷ್ಟೇ. ಮೀನು ತಪ್ಪುವುದು ಅವನಿಗೆ ಹೊಸದಲ್ಲ. ಇನ್ನು ದಾರ ಸುತ್ತಿ ಮನೆಗೆ ಹೊರಡುತ್ತಾನೆ ಎಂದುಕೊಂಡೆ. ಅವನು ಚಪ್ಪಲಿ ಸಮೇತ ನೀರಿಗಿಳಿದ. ಸೊಂಟದವರೆಗೆ, ಎದೆಯವರೆಗೆ ಹೋಗಿ ಕಂಬದ ಸುತ್ತ ಕೈಯಾಡಿಸಿದ. ಮುಳುಗಿದ, ಎದ್ದ, ಮತ್ತೆ ಮುಳುಗಿದ.

"ಹ್ಯೂಬರ್ಟ್, ಸಾಕು, ಬಾ!" ಎಂದು ಕೂಗಿದೆ. ನನಗೆ ನಿಜವಾಗಿ ಭಯವಾಗಿತ್ತು.

ಅವನು ನಮ್ಮ ಕಡೆ ತಿರುಗಿದ. ಮುಖದಲ್ಲಿ ಅಳು ಒಡೆದಿತ್ತು.

"ಮಗ್ದಲೀನ್, ವಿಲ್ಲಿಯ ಚಮಚ ಹೋಯ್ತು."

ಅವಳು ಸೀರೆ ಎತ್ತದೆ ನೀರಿಗಿಳಿದಳು. ಕೇಳಿಸಿತ್ತು ಅವಳಿಗೆ. ದಡದಲ್ಲಿದ್ದ ನನಗೇ ಕೇಳಿಸಿತ್ತು. ಆದರೂ ಅವನ ಒದ್ದೆ ಅಂಗಿ ಹಿಡಿದು, "ಯಾರದ್ದು?" ಎಂದು ಕೇಳಿದಳು.

"ವಿಲ್ಲಿಯದ್ದು."

"ಯಾರದ್ದು?"

ಅಷ್ಟರಲ್ಲಿ ಸೇತುವೆಯ ಮೇಲೆ ರೈಲು ಬಂತು. ಆ ಸದ್ದಿನಲ್ಲಿ ನನಗೆ ಮುಂದಿನದು ಏನೂ ಕೇಳಿಸಲಿಲ್ಲ. ರೈಲು ದಾಟುವವರೆಗೂ ಅವನ ಬಾಯಿ ಆಡುತ್ತಲೇ ಇತ್ತು.